ಬಾಟಲಿ ಎಲ್ಲಿಡಬೇಕು? ವಾಹನದೊಳಗಿನ ಜಾಗದ ಲೆಕ್ಕಾಚಾರ

ಹಲಸೂರು ಕೆರೆಯ ಬದಿಯಿಂದ ಹೊರಟು, ಇಂದಿರಾನಗರವನ್ನು ಬಲಕ್ಕೆ ಬಿಟ್ಟು, ಬೈಯಪ್ಪನಹಳ್ಳಿ, ಟಿನ್ ಫ್ಯಾಕ್ಟರಿ ದಾಟಿ ಕೆ.ಆರ್. ಪುರದ ತೂಗುಸೇತುವೆ ಮುಟ್ಟುವವರೆಗೆ ಹಳೆ ಮದ್ರಾಸ್ ರಸ್ತೆಯ ದೂರ ಹತ್ತು ಕಿಲೋಮೀಟರಿಗೂ ಕಡಿಮೆ. ಹಿಡಿಯುವ ಹೊತ್ತು ಮಾತ್ರ ದಿನಕ್ಕೊಂದು ಬಗೆ. ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ. ಸಾಗಲು 2022ರಲ್ಲಿ ಸರಾಸರಿ 29 ನಿಮಿಷ 10 ಸೆಕೆಂಡು ಬೇಕಾಯಿತೆಂದು ಟಾಮ್‌ಟಾಮ್ ಸಂಸ್ಥೆಯ ಸಂಚಾರ ಸೂಚ್ಯಂಕ ಲೆಕ್ಕ ಹಾಕಿತ್ತು. ಆ ಪಟ್ಟಿಯಲ್ಲಿ ಲಂಡನ್ನಿನ ನಂತರದ ಸ್ಥಾನ ನಮ್ಮದು. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಮುಕ್ಕಾಲು ಗಂಟೆ ಕೂರುವ ಜಾಗದಲ್ಲಿ ನೀರಿನ ಬಾಟಲಿ, ಊಟದ ಡಬ್ಬಿ, ಛತ್ರಿ, ಮೊಬೈಲು, ಕನ್ನಡಕ, ಪಾರ್ಕಿಂಗ್ ಚೀಟಿ, ಮಕ್ಕಳ ಬಿಸ್ಕತ್ತು ಎಲ್ಲವೂ ಸೇರಿಕೊಳ್ಳುವುದು ಸಹಜ. ಕಾರು ಕೊಳ್ಳುವಾಗ ಮೈಲೇಜು, ಬಣ್ಣ, ಪರದೆಯ ಅಗಲ ಎಲ್ಲವನ್ನೂ ವಿಚಾರಿಸುವ ನಾವು ಈ ಸಾಮಾನುಗಳು ಎಲ್ಲಿ ಕೂರುತ್ತವೆ ಎಂದು ಕೇಳುವುದು ಕಡಿಮೆ. ಕಂಪನಿಗಳು ಕಪ್ ಹೋಲ್ಡರುಗಳ ಸಂಖ್ಯೆಯನ್ನು ಕರಪತ್ರದಲ್ಲಿ ಹೆಮ್ಮೆಯಿಂದ ಅಚ್ಚು ಹಾಕುತ್ತವೆ. ಆ ಸಂಖ್ಯೆ ನಮಗೆ ಹೇಳುವುದು ಬಹಳ ಸ್ವಲ್ಪ. ಒಂದು ಹೋಲ್ಡರು ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ಮೂರು ಪ್ರಶ್ನೆ ಸಾಕು: ಹಿಡಿದದ್ದನ್ನು ಬ್ರೇಕ್ ಹಾಕಿದಾಗ ಬಿಡದೆ ಇಟ್ಟುಕೊಳ್ಳುತ್ತದೆಯೇ, ಬೇರೆ ಅಳತೆಯ ವಸ್ತುವಿಗೆ ಒಗ್ಗುತ್ತದೆಯೇ, ತೊಳೆಯಲು ಹೊರಗೆ ಬರುತ್ತದೆಯೇ. ಈ ಮೂರಕ್ಕೂ ಹೌದೆನ್ನುವ ಎರಡು ಹೋಲ್ಡರುಗಳು ಇಲ್ಲವೆನ್ನುವ ಹತ್ತಕ್ಕಿಂತ ಮೇಲು.

ಗೇರ್ ಪಕ್ಕದ ಆ ದುಂಡನೆಯ ಕುಳಿ ನಮ್ಮ ಅಗತ್ಯದಿಂದ ಹುಟ್ಟಿದ್ದಲ್ಲ. ಅಮೆರಿಕದಲ್ಲಿ ಕ್ರೈಸ್ಲರ್ ಕಂಪನಿ 1984ರ ಮಾದರಿಯಾಗಿ ಹೊರತಂದ ಡಾಡ್ಜ್ ಕ್ಯಾರವಾನ್, ಪ್ಲಿಮತ್ ವಾಯೇಜರ್ ಮಿನಿವ್ಯಾನುಗಳಲ್ಲಿ ಕಪ್ ಇಡುವ ಕುಳಿಗಳು ಬಂದ ಮೇಲೆ ಅದು ಸಾಮಾನ್ಯ ಕುಟುಂಬದ ವಾಹನದ ಅಂಗವಾಗುತ್ತ ಹೋಯಿತು. ಅಲ್ಲಿ ದೂರದ ಉಪನಗರದಿಂದ ಕೆಲಸಕ್ಕೆ ಹೋಗುವವರು ಕಿಟಕಿಯಲ್ಲೇ ಕಾಫಿ, ತಂಪು ಪಾನೀಯ ಕೊಂಡು ಕುಡಿಯುತ್ತ ಸಾಗುತ್ತಿದ್ದರು. ಜರ್ಮನಿಯ ಕಂಪನಿಗಳು, ಕಾರು ಇರುವುದು ಓಡಿಸುವುದಕ್ಕೇ ಹೊರತು ಕುಡಿಯುವುದಕ್ಕಲ್ಲ ಎಂಬ ನಿಲುವಿಗೆ ಬಹುಕಾಲ ಅಂಟಿಕೊಂಡಿದ್ದವು. ಅಮೆರಿಕದ ಗಿರಾಕಿಗಳು ಬಿಡಲಿಲ್ಲ. ಹಾಗಾಗಿ ಕುಳಿಯ ಅಳತೆ ನಿಂತದ್ದು ಬುಡ ಕಿರಿದಾಗಿ ಬಾಯಿ ಅಗಲವಾದ ಕಾಗದದ ಲೋಟಕ್ಕೆ ಮತ್ತು 66 ಮಿ.ಮೀ. ಅಗಲದ ತಂಪು ಪಾನೀಯದ ಡಬ್ಬಿಗೆ. ನಮ್ಮ ಕಾರುಗಳಲ್ಲಿ ಹೆಚ್ಚಾಗಿ ಕಾಣುವುದು ಒಂದು ಲೀಟರಿನ ಬಾಟಲಿ. ಪ್ಲಾಸ್ಟಿಕ್ಕಿನದಾದರೂ ಸ್ಟೀಲಿನದಾದರೂ ಸುಮಾರು 7ರಿಂದ 8 ಸೆಂ.ಮೀ. ಅಗಲ, 26-27 ಸೆಂ.ಮೀ. ಎತ್ತರ. ಚಹಾದಂಗಡಿಯ ಸಣ್ಣ ಕಾಗದದ ಲೋಟದ ಬುಡವಾದರೆ 4.5ರಿಂದ 5 ಸೆಂ.ಮೀ. ಮಾತ್ರ. ಮೊದಲನೆಯದು ಕುಳಿಗೆ ಇಳಿಯುವುದೇ ಇಲ್ಲ, ಇಳಿದರೂ ತಲೆ ಭಾರವಾಗಿ ಓಲಾಡುತ್ತದೆ. ಎರಡನೆಯದು ಕುಳಿಯ ತಳದಲ್ಲಿ ಮುಳುಗಿ, ತೆಗೆಯಲು ಬೆರಳು ಹಾಕಿದರೆ ಚೆಲ್ಲುತ್ತದೆ. ಹೊಂದಿಕೊಳ್ಳುವ ಗುಣ ಇಲ್ಲಿ ಅಲಂಕಾರವಲ್ಲ, ಮೊದಲ ಅಗತ್ಯ.

ಇದಕ್ಕೆ ನಮ್ಮವರೇ ಎತ್ತುವ ಒಂದು ಆಕ್ಷೇಪವಿದೆ. ದರ್ಶಿನಿಯ ಮುಂದೆ ನಿಂತು, ಬೈಟು ಕಾಫಿ ಹಂಚಿಕೊಂಡು, ಲೋಟ ಕೆಳಗಿಟ್ಟು ಹೊರಡುವ ಊರಿದು. ಗಾಡಿಯಲ್ಲಿ ಕುಡಿಯುವ ಚಾಳಿಯನ್ನೇಕೆ ಬೆಳೆಸಬೇಕು? ಬಿಸಿ ಪಾನೀಯದ ಮಟ್ಟಿಗೆ ಈ ಮಾತು ಒಪ್ಪತಕ್ಕದ್ದೇ. ಓಡುವ ಗಾಡಿಯಲ್ಲಿ, ಅದೂ ಮುಚ್ಚಳವಿಲ್ಲದ ಲೋಟದಲ್ಲಿ, ಬಿಸಿ ಕಾಫಿ ಕುಡಿಯುವುದಕ್ಕೆ ಯಾವ ಹೋಲ್ಡರೂ ಸಮರ್ಥನೆ ಆಗಲಾರದು. ತಿನ್ನುವುದಕ್ಕೆ ಅವಕಾಶವಿಲ್ಲದ ನಮ್ಮ ಮೆಟ್ರೋದಲ್ಲಿ ಲೋಟ ಇಡಲು ಜಾಗವನ್ನೇ ಮಾಡಿಲ್ಲ, ಅಷ್ಟು ಹೊತ್ತಿನ ಪ್ರಯಾಣಕ್ಕೆ ಅದು ಸರಿಯಾದ ವಿನ್ಯಾಸವೇ. ಆದರೆ ಗಾಡಿ ನಿಲ್ಲಿಸಿ ಕುಡಿದರೆ ಆಯಿತಲ್ಲ ಎಂಬ ಸಮಾಧಾನ ಅಷ್ಟು ಗಟ್ಟಿಯದಲ್ಲ. 1992ರ ಫೆಬ್ರುವರಿಯಲ್ಲಿ ಅಮೆರಿಕದ ಆಲ್ಬುಕರ್ಕಿ ನಗರದಲ್ಲಿ ಸ್ಟೆಲ್ಲಾ ಲೀಬೆಕ್ ಎಂಬ 79ರ ವೃದ್ಧೆಗೆ ಆದದ್ದು ನಿಂತ ಕಾರಿನಲ್ಲೇ. ಮೊಮ್ಮಗ ಸಕ್ಕರೆ, ಹಾಲು ಬೆರೆಸಿಕೊಳ್ಳಲೆಂದೇ ಗಾಡಿ ನಿಲ್ಲಿಸಿದ್ದ. ಆ ಕಾರಿನಲ್ಲಿ ಕಪ್ ಇಡಲು ಜಾಗವಿರಲಿಲ್ಲ. ಲೋಟವನ್ನು ಮಂಡಿಗಳ ನಡುವೆ ಸಿಕ್ಕಿಸಿ ಮುಚ್ಚಳ ತೆಗೆದಾಗ 80 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಬಿಸಿಯಿದ್ದ ಕಾಫಿ ಮಡಿಲಿಗೆ ಸುರಿದು ಚರ್ಮದ ಆಳದವರೆಗೆ ಸುಟ್ಟಿತು. ಮ್ಯಾಕ್‌ಡೊನಾಲ್ಡ್ಸ್ ವಿರುದ್ಧ ಆಕೆ ಹೂಡಿದ ಮೊಕದ್ದಮೆ ಮುಂದೆ ಜಗತ್ಪ್ರಸಿದ್ಧವಾಯಿತು. ಅಲ್ಲಿ ಚರ್ಚೆಯಾದದ್ದು ಕಾಫಿಯ ಉಷ್ಣತೆ. ವಿನ್ಯಾಸ ಮಾಡುವವರಿಗೆ ಅದರಲ್ಲಿ ಇನ್ನೊಂದು ಪಾಠವಿದೆ: ನಿಂತ ಗಾಡಿಯಲ್ಲೂ ಎರಡೂ ಕೈ ಬಿಡುವಾಗಬೇಕಾದ ಕ್ಷಣ ಬರುತ್ತದೆ, ಆಗ ಲೋಟಕ್ಕೆ ಮಡಿಲಲ್ಲದ ಬೇರೊಂದು ನೆಲೆ ಬೇಕು. ನೀರಿನ ಮಾತಂತೂ ಬೇರೆಯೇ. ಕುಡಿಯಲಿ ಬಿಡಲಿ, ಬಾಟಲಿ ಗಾಡಿಯಲ್ಲಿ ಇದ್ದೇ ಇರುತ್ತದೆ.

ಇರುವ ಬಾಟಲಿ ಯಾವಾಗ ಬೀಳುತ್ತದೆ ಎಂಬುದನ್ನು ಶಾಲೆಯ ಭೌತಶಾಸ್ತ್ರದಲ್ಲೇ ಲೆಕ್ಕ ಹಾಕಬಹುದು. ಬುಡದ ಅರ್ಧ ಅಗಲವನ್ನು ಭಾರಕೇಂದ್ರದ ಎತ್ತರದಿಂದ ಭಾಗಿಸಿ. ಬರುವ ಸಂಖ್ಯೆ, ಗುರುತ್ವದ ಎಷ್ಟು ಪಾಲಿನ ಎಳೆತಕ್ಕೆ ವಸ್ತು ಮಗುಚುತ್ತದೆ ಎಂಬುದನ್ನು ಹೇಳುತ್ತದೆ. ತುಂಬಿದ ಒಂದು ಲೀಟರ್ ಬಾಟಲಿಯ ಅರ್ಧ ಅಗಲ 3.75 ಸೆಂ.ಮೀ., ಭಾರಕೇಂದ್ರದ ಎತ್ತರ ಸುಮಾರು 12.5 ಸೆಂ.ಮೀ. ಉತ್ತರ 0.3. ಸಾಮಾನ್ಯ ಬ್ರೇಕ್ ಹಾಕಿದಾಗಲೇ ಎಳೆತ 0.2ರಿಂದ 0.3ರಷ್ಟಿರುತ್ತದೆ. ಒಣ ರಸ್ತೆಯಲ್ಲಿ ಗಕ್ಕನೆ ನಿಲ್ಲಿಸಿದರೆ 0.7 ದಾಟುತ್ತದೆ. ಅಂದರೆ ಸೀಟಿನ ಮೇಲೋ ಚಪ್ಪಟೆ ಹಲಗೆಯ ಮೇಲೋ ನಿಲ್ಲಿಸಿದ ತುಂಬಿದ ಬಾಟಲಿ ಮಗುಚುವುದು ಅಪಘಾತವಲ್ಲ, ನಿಯಮ. ಅರ್ಧ ಖಾಲಿಯಾದದ್ದು ಸ್ವಲ್ಪ ತಾಳುತ್ತದೆ. ಇದರಿಂದ ಸಿಗುವ ಅಳತೆ ಸರಳ: ಹೋಲ್ಡರಿನ ಅಂಚು ವಸ್ತುವಿನ ಅರ್ಧ ಎತ್ತರವನ್ನಾದರೂ ಮುಟ್ಟಬೇಕು. ಒಂದು ಲೀಟರ್ ಬಾಟಲಿಗೆ 12-13 ಸೆಂ.ಮೀ. ಆಳ. ಬಹುಪಾಲು ಕಾರುಗಳ ನಡುವಿನ ಕುಳಿ 6ರಿಂದ 8 ಸೆಂ.ಮೀ. ಆಳದ್ದು. ಆದ್ದರಿಂದ ಅದು ಲೋಟಕ್ಕೆ ಸರಿ, ಬಾಟಲಿಗೆ ಬಾಗಿಲಿನ ಪಾಕೆಟ್ಟೇ ಸರಿ. ಇನ್ನು ಮೇಲೆ-ಕೆಳಗಿನ ಕುಲುಕಾಟ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯ ಪ್ರಕಾರ ರಸ್ತೆಯುಬ್ಬು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು, ಗಂಟೆಗೆ 25 ಕಿ.ಮೀ. ವೇಗದಲ್ಲಿ ಆರಾಮವಾಗಿ ದಾಟುವಂತಿರಬೇಕು. ಹಲಸೂರಿನ ಒಳರಸ್ತೆಗಳಲ್ಲೂ ಇಂದಿರಾನಗರದ ಅಡ್ಡರಸ್ತೆಗಳಲ್ಲೂ ಕಾಣುವ ಕಿರಿದಾದ, ಕಡಿದಾದ ಹಂಪುಗಳಿಗೆ ಈ ಮಾರ್ಗಸೂಚಿಯ ಪರಿಚಯವಿದ್ದಂತಿಲ್ಲ. ಅಂಥ ಕಡೆ ಅಂಚೆಷ್ಟೇ ಎತ್ತರವಿದ್ದರೂ ಮುಚ್ಚಳವಿಲ್ಲದ ಲೋಟ ಚೆಲ್ಲಿಯೇ ತೀರುತ್ತದೆ.

ಚೆಲ್ಲಿದ ನೀರು ಒಣಗುತ್ತದೆ, ಹಾರಿದ ಬಾಟಲಿ ಹಾಗಲ್ಲ. ಗಂಟೆಗೆ 30 ಕಿ.ಮೀ. ವೇಗದ ಗಾಡಿ ಡಿಕ್ಕಿಯಾಗಿ ನಿಂತರೆ ಒಳಗಿನ ಸಡಿಲ ಬಾಟಲಿ ಅದೇ ವೇಗದಲ್ಲಿ ಮುಂದಕ್ಕೆ ಹೋಗುತ್ತದೆ. ಮೂರೂವರೆ ಮೀಟರ್ ಎತ್ತರದಿಂದ, ಅಂದರೆ ಒಂದು ಮಹಡಿಯಿಂದ ಬಿದ್ದ ಬಾಟಲಿಯ ಪೆಟ್ಟು ಅದು. ವೇಗ 50 ಇದ್ದರೆ ಎತ್ತರ ಹತ್ತು ಮೀಟರಿಗೆ ಹತ್ತಿರ, ಮೂರು ಮಹಡಿ. ಸ್ಟೀಲ್ ಬಾಟಲಿಯಾದರೆ ತೂಕವೂ ಹೆಚ್ಚು, ಮೈಯೂ ಗಟ್ಟಿ. ಹಿಂದಿನ ಗಾಜಿನ ಕೆಳಗಿನ ಹಲಗೆಯ ಮೇಲೆ ಬಾಟಲಿ, ಛತ್ರಿ, ಸ್ಪೀಕರ್ ಇಡುವ ನಮ್ಮ ರೂಢಿ ಈ ಕಾರಣಕ್ಕೆ ಅಪಾಯದ್ದು, ಅಲ್ಲಿಂದ ಹಾರಿದ್ದು ನೇರ ತಲೆಯ ಹಿಂಭಾಗಕ್ಕೆ ಬರುತ್ತದೆ. ಇದಕ್ಕಿಂತ ಸದ್ದಿಲ್ಲದ ಅಪಾಯ ಇನ್ನೊಂದಿದೆ. ಚಾಲಕನ ಸೀಟಿನ ಕೆಳಗೆ ಬಿದ್ದ ಬಾಟಲಿ ಇಳಿಜಾರಿನಲ್ಲಿ ಮುಂದಕ್ಕೆ ಉರುಳಿ ಬ್ರೇಕ್ ಪೆಡಲ್ ಕೆಳಗೆ ಸಿಕ್ಕಿಕೊಳ್ಳುವುದು. ಪೆಡಲ್ ಒತ್ತಿದರೂ ಇಳಿಯದು. ಕೆ.ಆರ್. ಪುರದ ತೂಗುಸೇತುವೆಯಂಥ ಇಳಿಜಾರಿನಲ್ಲಿ, ಮುಂದೆ ಬಸ್ಸುಗಳ ಸಾಲು ನಿಂತಿರುವಾಗ ಹೀಗಾದರೆ ಏನಾದೀತೆಂದು ವಿವರಿಸಬೇಕಿಲ್ಲ. ಹೋಲ್ಡರನ್ನು ಅನುಕೂಲದ ವಸ್ತುವೆಂದು ನೋಡುವ ಬದಲು ಸೀಟ್ ಬೆಲ್ಟಿನ ಸಾಲಿನಲ್ಲಿ ಇಟ್ಟು ನೋಡಿದರೆ ಅದರ ಬೆಲೆ ತಿಳಿಯುತ್ತದೆ. ಮನುಷ್ಯರನ್ನು ಕಟ್ಟಿ ಕೂರಿಸುವ ಗಾಡಿಯಲ್ಲಿ ಸಾಮಾನನ್ನು ಬಿಚ್ಚಿ ಬಿಡುವುದು ಅರ್ಧ ಕೆಲಸ.

ಹಾಗಾದರೆ ಕೊಳ್ಳುವ ಮುನ್ನ ಅಳೆಯಿರಿ. ಅಳೆಯಬೇಕಾದದ್ದು ಮೊದಲು ಬಾಟಲಿ, ಆಮೇಲೆ ಕಾರು. ಕಾಗದದ ಪಟ್ಟಿಯೊಂದನ್ನು ಬಾಟಲಿಯ ಅತಿ ದಪ್ಪ ಭಾಗಕ್ಕೆ ಸುತ್ತಿ, ಉದ್ದವನ್ನು 3.14ರಿಂದ ಭಾಗಿಸಿದರೆ ಅಗಲ ಸಿಗುತ್ತದೆ. ಸುತ್ತಳತೆ 24 ಸೆಂ.ಮೀ. ಬಂದರೆ ಅಗಲ 7.6. ಹೋಲ್ಡರಿನ ಒಳ ಅಗಲ ಅದಕ್ಕಿಂತ 3ರಿಂದ 5 ಮಿ.ಮೀ. ಹೆಚ್ಚಿರಲಿ. ಅದಕ್ಕೂ ಬಿಗಿಯಾದರೆ ಒಂದು ಕೈಯಲ್ಲಿ ತೆಗೆಯಲಾಗದು, ಸಡಿಲವಾದರೆ ಕಟಕಟ ಸದ್ದು. ಮನೆಯಲ್ಲಿ ನಾಲ್ಕು ಬಗೆಯ ಬಾಟಲಿಗಳಿದ್ದರೆ ಅತಿ ದಪ್ಪದ್ದಕ್ಕೆ ಹೋಲ್ಡರು ಆರಿಸಿ, ಉಳಿದವುಗಳಿಗೆ ಒಳಗಿನ ತೆರಪನ್ನು ತುಂಬಿಸುವ ಉಪಾಯ ನೋಡಿ. ಆ ಉಪಾಯಗಳು ಮುಖ್ಯವಾಗಿ ಮೂರು. ಸ್ಪ್ರಿಂಗ್ ಇರುವ ಪ್ಲಾಸ್ಟಿಕ್ ನಾಲಗೆಗಳು ಒಳಗಿನಿಂದ ಒತ್ತಿ ಹಿಡಿಯುವುದು ಒಂದು. ನೋಡಲು ಚೆಂದ, ಆದರೆ ಮೊದಲು ಮುರಿಯುವುದೂ ಅದೇ, ಮುರಿದರೆ ಬಿಡಿಯಾಗಿ ಸಿಗುವುದು ಅಪರೂಪ. ಸಿಲಿಕೋನ್ ಅಥವಾ ರಬ್ಬರಿನ ಬಾಗುವ ರೆಕ್ಕೆಗಳಿರುವ ಬಟ್ಟಲನ್ನು ಕುಳಿಯೊಳಗೆ ಕೂರಿಸುವುದು ಇನ್ನೊಂದು. ಇದೇ ಹೆಚ್ಚು ಬಾಳಿಕೆಯದು, ಎತ್ತಿ ತೊಳೆಯಬಹುದು, ಸದ್ದನ್ನೂ ನುಂಗುತ್ತದೆ. ಮೂರನೆಯದು ಮೆಟ್ಟಿಲಿನ ಕುಳಿ, ಮೇಲೆ ಅಗಲ, ಕೆಳಗೆ ಕಿರಿದು. ಚಲಿಸುವ ಭಾಗವೇ ಇಲ್ಲದ್ದರಿಂದ ಕೆಡುವುದೂ ಇಲ್ಲ. ಸ್ಕೋಡಾ ಕಂಪನಿಯ ಕೆಲವು ಕಾರುಗಳಲ್ಲಿ ಕುಳಿಯ ತಳಕ್ಕೆ ಸಣ್ಣ ಮೊಳಕೆಗಳಂಥ ಉಬ್ಬುಗಳಿವೆ. ಅವು ಪ್ಲಾಸ್ಟಿಕ್ ಬಾಟಲಿಯ ಬುಡವನ್ನು ತಿರುಗದಂತೆ ಹಿಡಿದುಕೊಳ್ಳುವುದರಿಂದ ಮುಚ್ಚಳವನ್ನು ಒಂದೇ ಕೈಯಲ್ಲಿ ತಿರುಗಿಸಿ ತೆಗೆಯಬಹುದು. ಎಷ್ಟು ಅಗ್ಗದ ಉಪಾಯ! ಸ್ಟೀಲ್ ಬಾಟಲಿಯ ನುಣುಪು ಬುಡಕ್ಕೆ ಮಾತ್ರ ಅದು ನಾಟುವುದಿಲ್ಲ, ಅದಕ್ಕೆ ರಬ್ಬರ್ ತಳವೇ ಆಗಬೇಕು.

ಅಳತೆ ಆಯಿತು, ಇನ್ನು ಸ್ಥಳ. ನಮ್ಮಲ್ಲಿ ಚಾಲಕ ಬಲಕ್ಕೆ ಕೂರುತ್ತಾನೆ, ನಡುವಿನ ಹೋಲ್ಡರಿಗೆ ಸಿಗುವುದು ಎಡಗೈ. ಗೇರ್ ಬದಲಿಸುವುದೂ ಹ್ಯಾಂಡ್ ಬ್ರೇಕ್ ಎಳೆಯುವುದೂ ಅದೇ ಕೈ. ಲೋಟವನ್ನು ಬಲಗೈಯಲ್ಲಿ ಹಿಡಿಯುವ ಅಭ್ಯಾಸ ನಮ್ಮದು. ಎಡಗೈಯಲ್ಲಿ ತೆಗೆದು, ಬಲಗೈಗೆ ದಾಟಿಸಿ, ಆ ಹೊತ್ತಿಗೆ ಎಡಗೈಯಲ್ಲಿ ಸ್ಟಿಯರಿಂಗ್ ಹಿಡಿದು ಕುಡಿಯುವವರನ್ನು ಯಾವ ಸಿಗ್ನಲ್ಲಿನಲ್ಲೂ ಕಾಣಬಹುದು. ಹೋಲ್ಡರು ಬಲಬದಿಯಲ್ಲೇ ಇದ್ದರೆ ಈ ಸರ್ಕಸ್ಸು ಬೇಡ. ಟೊಯೊಟಾ ಇನ್ನೋವಾ ಕ್ರಿಸ್ಟಾದಲ್ಲಿ ಡ್ಯಾಶ್‌ಬೋರ್ಡಿನ ಎರಡೂ ತುದಿಗಳಲ್ಲಿ, ಎ.ಸಿ. ಗಾಳಿ ಬರುವಲ್ಲಿ, ಎಳೆದರೆ ಹೊರಬರುವ ಹೋಲ್ಡರುಗಳಿವೆ. ಹೋಂಡಾ ಜಾಝ್‌ನಲ್ಲೂ ಚಾಲಕನ ಬಲಕ್ಕೆ ಅಂಥದ್ದೊಂದು ಇತ್ತು. ಕೈಗೂ ಹತ್ತಿರ, ನೀರೂ ತಂಪು. ಕಂಪನಿ ಕೊಡದಿದ್ದರೆ ಗಾಳಿಕಿಂಡಿಗೆ ಸಿಕ್ಕಿಸುವ ಹೋಲ್ಡರು ಅಂಗಡಿಯಲ್ಲಿ ಸಿಗುತ್ತದೆ. ಆದರೆ ಗಾಳಿಕಿಂಡಿಯ ತೆಳು ಪಟ್ಟಿಗಳು ಒಂದು ಕಿಲೋ ಭಾರ ಹೊರಲು ಮಾಡಿದವಲ್ಲ. ಕೆಳಗೆ ಡ್ಯಾಶ್‌ಬೋರ್ಡಿಗೆ ಊರುವ ಕಾಲು ಇರುವಂಥದ್ದನ್ನೇ ಕೊಳ್ಳಿ, ಅದರಲ್ಲಿ ಅರ್ಧ ಲೀಟರಿಗಿಂತ ಹೆಚ್ಚಿನದನ್ನು ಇಡಬೇಡಿ.

ನಡುವಿನ ಕುಳಿಯ ಬಗ್ಗೆ ಇನ್ನೊಂದು ಎಚ್ಚರಿಕೆ. ಈಗಿನ ಕಾರುಗಳಲ್ಲಿ, ವಿಶೇಷವಾಗಿ ವಿದ್ಯುತ್ ಕಾರುಗಳಲ್ಲಿ, ಗೇರ್ ಎಂದರೆ ಒಂದು ತಿರುಗುಗುಂಡಿ, ಹ್ಯಾಂಡ್ ಬ್ರೇಕ್ ಎಂದರೆ ಒಂದು ಸ್ವಿಚ್ಚು. ಅವುಗಳ ಪಕ್ಕದಲ್ಲೇ ಕಾಫಿಗೆ ಕುಳಿ. ಇದರ ಪರಿಣಾಮ ಆಕಾಶದಲ್ಲಿ ಆಗಲೇ ಕಂಡಿದೆ. ಏರ್‌ಬಸ್ ಎ350 ವಿಮಾನಗಳಲ್ಲಿ 2019ರ ನವೆಂಬರಿನಲ್ಲೊಮ್ಮೆ, 2020ರ ಜನವರಿಯಲ್ಲೊಮ್ಮೆ, ಪೈಲಟ್‌ಗಳ ನಡುವಿನ ನಿಯಂತ್ರಣ ಫಲಕದ ಮೇಲೆ ಪಾನೀಯ ಚೆಲ್ಲಿ, ಹಾರಾಟದಲ್ಲಿದ್ದಾಗಲೇ ಒಂದು ಎಂಜಿನ್ ನಿಂತುಹೋಯಿತು. ಯುರೋಪಿನ ವಿಮಾನ ಸುರಕ್ಷತಾ ಸಂಸ್ಥೆ ಕೂಡಲೇ ಆ ಫಲಕದ ಸುತ್ತ ದ್ರವಕ್ಕೆ ಪ್ರವೇಶವಿಲ್ಲದ ವಲಯವನ್ನು ಗೊತ್ತುಮಾಡಿತು. ಕೋಟಿಗಟ್ಟಲೆ ಬೆಲೆಯ ಯಂತ್ರದಲ್ಲಿ ಆದದ್ದು ನಮ್ಮ ಕಾರಿನಲ್ಲಿ ಆಗುವುದಿಲ್ಲ ಎನ್ನಲು ಕಾರಣವಿಲ್ಲ. ಸ್ವಿಚ್ಚುಗಳ ಮಟ್ಟಕ್ಕಿಂತ ಕೆಳಗೆ, ಚೆಲ್ಲಿದರೆ ದ್ರವ ಅವುಗಳತ್ತ ಹರಿಯದ ಕಡೆ ಹೋಲ್ಡರು ಇರಬೇಕು. ನಿಮ್ಮ ಕಾರಿನಲ್ಲಿ ಹಾಗಿಲ್ಲವಾದರೆ ನಡುವಿನ ಕುಳಿಯಲ್ಲಿ ಕನ್ನಡಕ, ಕೀಲಿಕೈ, ಚಿಲ್ಲರೆ ಇಡಿ. ನೀರು ಬಾಗಿಲಿಗೆ ಹೋಗಲಿ.

ಏನನ್ನು ಎಲ್ಲಿ ಇಡಬಾರದು ಎಂಬುದೂ ಅಷ್ಟೇ ಮುಖ್ಯ. 2021ರ ಏಪ್ರಿಲ್ 1ರಿಂದ ಹೊಸ ಕಾರು ಮಾದರಿಗಳಿಗೆ ಮುಂದಿನ ಎರಡೂ ಸೀಟುಗಳಿಗೆ ಏರ್‌ಬ್ಯಾಗ್ ಕಡ್ಡಾಯ. ಎಡಬದಿಯದು ಡ್ಯಾಶ್‌ಬೋರ್ಡಿನ ಮುಚ್ಚಳ ಸೀಳಿಕೊಂಡು ಕಣ್ಣು ಮಿಟುಕಿಸುವಷ್ಟರಲ್ಲಿ ಹೊರಬರುತ್ತದೆ. ಅದರ ಮೇಲೆ ಅಂಟಿಸಿದ ವಸ್ತು ಯಾವುದೇ ಆಗಲಿ, ಎದುರಿಗೆ ಕೂತವರ ಮುಖಕ್ಕೆ ಹಾರುತ್ತದೆ. ದಂಡು ಪ್ರದೇಶದ ಕಾರುಗಳ ಡ್ಯಾಶ್‌ಬೋರ್ಡಿನಲ್ಲಿ ಗಣಪತಿ, ಸಂತ ಮೇರಿ, ಕಾಬಾದ ಚಿತ್ರ ಎಲ್ಲಕ್ಕೂ ಜಾಗವಿದೆ. ಭಕ್ತಿಗೆ ಅಡ್ಡಿಯಿಲ್ಲ, ಜಾಗ ಮಾತ್ರ ಏರ್‌ಬ್ಯಾಗ್ ಎಂದು ಅಚ್ಚಾದ ಮುಚ್ಚಳದಿಂದ ಆಚೆಗಿರಲಿ. ಚಾವಣಿಯ ಅಂಚಿನಲ್ಲಿ ಪರದೆ ಏರ್‌ಬ್ಯಾಗ್ ಇರುವ ಕಾರಿನಲ್ಲಿ ಹಿಡಿಕೆಗೆ ಗಟ್ಟಿ ಹ್ಯಾಂಗರ್, ಟಿಫಿನ್ ಕ್ಯಾರಿಯರ್ ತೂಗುಹಾಕುವುದೂ ಸಲ್ಲದು. ವಾಹನದ ಒಳಭಾಗದ ಬಗ್ಗೆ ವಿಶ್ವಸಂಸ್ಥೆಯ 21ನೇ ವಾಹನ ನಿಯಮವೊಂದಿದೆ. ತಲೆ ತಾಗಬಹುದಾದ ಪ್ರದೇಶದ ಗಟ್ಟಿ ಅಂಚುಗಳು ಕನಿಷ್ಠ 2.5 ಮಿ.ಮೀ. ತ್ರಿಜ್ಯದಷ್ಟಾದರೂ ದುಂಡಗಿರಬೇಕೆಂದು ಅದು ಹೇಳುತ್ತದೆ. ಕಾರು ಕಂಪನಿ ಇಷ್ಟು ಎಚ್ಚರದಿಂದ ದುಂಡು ಮಾಡಿದ ಡ್ಯಾಶ್‌ಬೋರ್ಡಿಗೆ ನಾವು ನೂರೈವತ್ತು ರೂಪಾಯಿಯ ಚೂಪು ಅಂಚಿನ ಸ್ಟ್ಯಾಂಡ್ ಅಂಟಿಸಿದರೆ ಆ ಶ್ರಮವೆಲ್ಲ ವ್ಯರ್ಥ. ಹೋಲ್ಡರಿನ ಅಂಚಿನ ಮೇಲೆ ಹೆಬ್ಬೆರಳನ್ನು ಒತ್ತಿ ಎಳೆದು ನೋಡಿ. ನೋವಾದರೆ ಅದು ಮುಂಭಾಗಕ್ಕೆ ತಕ್ಕದ್ದಲ್ಲ.

ಇಷ್ಟು ಓದಿದವರು ಕೇಳಬಹುದು: ಹಾಗಿದ್ದರೆ ಕಂಪನಿ ಕೊಟ್ಟದ್ದನ್ನು ಮುಟ್ಟದೆ ಬಿಡುವುದೇ ಜಾಣತನವಲ್ಲವೇ? ಪರೀಕ್ಷಿಸಿ ಮಾಡಿದವರಿಗಿಂತ ನಮಗೆ ಹೆಚ್ಚು ತಿಳಿದಿದೆಯೇ? ಈ ಆಕ್ಷೇಪದಲ್ಲಿ ತೂಕವಿದೆ. ಬಾಗಿಲಿಗೆ, ಡ್ಯಾಶ್‌ಬೋರ್ಡಿಗೆ ರಂಧ್ರ ಕೊರೆಯುವ ಮಾರ್ಪಾಡುಗಳನ್ನು ನಾನು ಖಂಡಿತ ಬೇಡವೆನ್ನುತ್ತೇನೆ, ಒಳಗೆ ವೈರು ಎಲ್ಲಿ ಹಾದಿದೆ, ಏರ್‌ಬ್ಯಾಗಿನ ಸಂವೇದಕ ಎಲ್ಲಿದೆ ಎಂಬುದು ಕೊರೆಯುವವನಿಗೆ ತಿಳಿದಿರುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕೂಡ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ಬೇರೆಯಾಗುವಂಥ ಬದಲಾವಣೆಯನ್ನು ತಡೆಯುತ್ತದೆ. ಆದರೆ ಎತ್ತಿ ತೆಗೆಯಬಹುದಾದ ಬಟ್ಟಲು, ಸೀಟಿನ ಹಿಂದೆ ಕಟ್ಟುವ ಚೀಲ, ಡಿಕ್ಕಿಯ ಡಬ್ಬಿ ಆ ಗೆರೆಯನ್ನು ದಾಟುವುದಿಲ್ಲ. ಕಂಪನಿ ಹಲವು ದೇಶಗಳ ಸರಾಸರಿ ಗಿರಾಕಿಗೆ ವಿನ್ಯಾಸ ಮಾಡುತ್ತದೆ. ಶಿವಾಜಿನಗರದ ಬಾಡಿಗೆ ಕಾರಿನ ಚಾಲಕನಿಗೂ ಇಂದಿರಾನಗರದ ಇಬ್ಬರು ಮಕ್ಕಳ ತಾಯಿಗೂ ಒಂದೇ ಕುಳಿ ಸಾಲದು. ಕಾರಿಗೆ ಶಾಶ್ವತವಾಗಿ ಏನನ್ನೂ ಮಾಡದೆ, ನಮ್ಮ ಸಾಮಾನಿಗೆ ತಕ್ಕ ಏರ್ಪಾಡು ಮಾಡಿಕೊಳ್ಳುವುದು ಎರಡು ಅತಿಗಳ ನಡುವಿನ ಸರಿಯಾದ ದಾರಿ.

ಅಂಥ ಏರ್ಪಾಡನ್ನು ಮಾಡಿಸಲು ಈ ಭಾಗದಲ್ಲಿ ಕೈಕಸುಬಿನವರಿಗೆ ಕೊರತೆಯಿಲ್ಲ. ಆಟೋ ಸೀಟು, ಟಾಪು ಹೊಲಿಯುವ ಕುಷನ್ ವರ್ಕ್ಸ್‌ನವರು ರೆಕ್ಸಿನ್ನಿನಲ್ಲಿ ಸೀಟಿನ ಬೆನ್ನಿಗೆ ಕಟ್ಟುವ ಚೀಲವನ್ನು ಹೇಳಿದ ಅಳತೆಗೆ ಹೊಲಿದುಕೊಡುತ್ತಾರೆ. ಬಾಟಲಿಯ ಗೂಡಿಗೆ ಬಾಯಿಯಲ್ಲಿ ಎಲಾಸ್ಟಿಕ್, ತಳದಲ್ಲಿ ನೀರು ಸೋರಲು ಒಂದು ಐಲೆಟ್ ಹಾಕಿಸಿ. ಸೀಟಿನ ಪಕ್ಕದಲ್ಲೇ ಏರ್‌ಬ್ಯಾಗ್ ಇರುವ ಕಾರಾದರೆ ಬದಿಯನ್ನು ಮುಚ್ಚುವ ಕವರು ಬೇಡ, ಬೆನ್ನಿಗಷ್ಟೇ ಸಾಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ 90 ಮಿ.ಮೀ. ಪಿವಿಸಿ ಪೈಪಿನ ಒಳ ಅಗಲ ಸುಮಾರು 84 ಮಿ.ಮೀ. ಅದರ 13 ಸೆಂ.ಮೀ. ತುಂಡಿನ ಒಳಗೆ ತೆಳು ಫೋಮ್ ಹಾಳೆ ಅಂಟಿಸಿದರೆ ಒಂದು ಲೀಟರ್ ಬಾಟಲಿಗೆ ಅಚ್ಚುಕಟ್ಟು ಗೂಡು. 63 ಮಿ.ಮೀ. ಪೈಪಿಗೆ ತಳದಲ್ಲಿ ಮುಚ್ಚಳ ಹಾಕಿದರೆ ಒದ್ದೆ ಛತ್ರಿಗೆ ಕೊಳವೆ. ಇಂಥವನ್ನು ಡಿಕ್ಕಿಯಲ್ಲೋ ಹಿಂಬದಿಯ ನೆಲದಲ್ಲೋ ಮಾತ್ರ ಕೂರಿಸಿ, ಮುಖ, ಮಂಡಿ ತಾಗುವಲ್ಲಿ ಬೇಡ. ಶಿವಾಜಿನಗರದ ಗುಜರಿ ಇನ್ನೊಂದು ದಾರಿ. ಒಂದೇ ಮಾದರಿಯ ದುಬಾರಿ ಆವೃತ್ತಿಯಲ್ಲಿರುವ ನಡುವಿನ ಡಬ್ಬಿ, ಕಪ್ ಬಟ್ಟಲು, ಸೀಟಿನಡಿಯ ಟ್ರೇ ಅಗ್ಗದ ಆವೃತ್ತಿಗೂ ಹಲವು ಸಲ ಹಾಗೇ ಕೂರುತ್ತವೆ. ಮಾದರಿಯ ವರ್ಷ ಹೊಂದಿಸಿಕೊಳ್ಳಿ, ರಸೀದಿ ಕೇಳಿ. ಹಳೆಯ ಏರ್‌ಬ್ಯಾಗ್, ಸೀಟ್ ಬೆಲ್ಟ್ ಮಾತ್ರ ಎಷ್ಟೇ ಅಗ್ಗಕ್ಕೆ ಸಿಕ್ಕರೂ ತರಬೇಡಿ.

ಈಗ ತ್ರೀಡಿ ಮುದ್ರಣದಲ್ಲಿ ತಮ್ಮದೇ ಹೋಲ್ಡರ್ ಮಾಡಿಕೊಳ್ಳುವ ಉತ್ಸಾಹಿಗಳೂ ಬೆಂಗಳೂರಿನಲ್ಲಿ ಬಹಳ. ಇಲ್ಲಿ ಬಿಸಿಲಿನ ಲೆಕ್ಕ ತಪ್ಪಬಾರದು. ಅರಿಜೋನಾ ರಾಜ್ಯ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇಸಿಗೆಯ ಬಿಸಿಲಿಗೆ ಒಂದು ಗಂಟೆ ನಿಂತ ಕಾರುಗಳ ಡ್ಯಾಶ್‌ಬೋರ್ಡ್ ಸರಾಸರಿ 69 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಬೆಂಗಳೂರು ಅರಿಜೋನಾ ಅಲ್ಲ, ನಿಜ. ಆದರೆ 2016ರ ಏಪ್ರಿಲಿನಲ್ಲಿ ಇಲ್ಲಿನ ಉಷ್ಣತೆ 39.2 ಡಿಗ್ರಿಗೆ ಏರಿತ್ತು, ಅಂಥ ದಿನ ಮರದ ನೆರಳಿಲ್ಲದ ಕಡೆ ನಿಲ್ಲಿಸಿದ ಕಾರಿನೊಳಗೆ ವಿಶೇಷ ವ್ಯತ್ಯಾಸ ಉಳಿಯುವುದಿಲ್ಲ. ಮುದ್ರಣಕ್ಕೆ ಅತಿ ಸುಲಭವಾದ ಪಿಎಲ್ಎ ಪ್ಲಾಸ್ಟಿಕ್ 60 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗಿ ಸೊಟ್ಟಗಾಗುತ್ತದೆ. ಪಿಇಟಿಜಿ ಸುಮಾರು 80ರವರೆಗೆ, ಎಬಿಎಸ್ 100ರವರೆಗೆ ತಡೆಯುತ್ತವೆ. ಡ್ಯಾಶ್‌ಬೋರ್ಡಿಗೆ ಕೊನೆಯದೇ ಸರಿ. ಅಂಟುಪಟ್ಟಿಗಳೂ ಈ ಬಿಸಿಗೆ ಜಾರುತ್ತವೆ. ಇದೇ ಕಾರಣಕ್ಕೆ ಪವರ್ ಬ್ಯಾಂಕ್, ಸಿಗರೇಟ್ ಲೈಟರ್, ಸ್ಯಾನಿಟೈಸರ್ ಬಾಟಲಿಗಳಿಗೆ ನಿಂತ ಕಾರಿನೊಳಗೆ ಯಾವ ಹೋಲ್ಡರೂ ಬೇಡ, ಜೊತೆಯಲ್ಲೇ ಒಯ್ಯಿರಿ.

ಡಿಕ್ಕಿ ಮತ್ತು ಸೀಟಿನಡಿಯ ವಿಷಯಕ್ಕೆ ಬಂದರೆ, ಅಲ್ಲಿ ಜಾಗವಿದೆ, ತಡೆಯಿಲ್ಲ. ರಸಲ್ ಮಾರ್ಕೆಟ್ಟಿನಿಂದಲೋ ಕೆ.ಆರ್. ಪುರದ ಸಂತೆಯಿಂದಲೋ ತಂದ ಟೊಮೆಟೊ ಚೀಲ ಮನೆ ಸೇರುವ ಹೊತ್ತಿಗೆ ಡಿಕ್ಕಿಯ ತುಂಬ ಉರುಳಾಡಿರುತ್ತದೆ. ವೆಲ್ಕ್ರೊ ತಳದ ಎರಡು ಮಡಚುವ ಅಡ್ಡಹಲಗೆಗಳಿದ್ದರೆ ಸಾಕು. ಚೀಲ ಎಷ್ಟು ದೊಡ್ಡದೋ ಅಷ್ಟಕ್ಕೆ ಅಂಟಿಸಿ, ಮುಗಿದ ಮೇಲೆ ಮಡಚಿಡಬಹುದು. ಭಾರದ್ದು ಹಿಂದಿನ ಸೀಟಿನ ಬೆನ್ನಿಗೆ ಒತ್ತಿಕೊಂಡು ಕೆಳಗಿರಲಿ. ಮಾರುತಿ ವ್ಯಾಗನ್-ಆರ್ ಕಾರಿನಲ್ಲಿ ಎಡ ಮುಂಸೀಟಿನಡಿ ಹಿಡಿಕೆಯಿರುವ, ಹೊರಗೆ ಒಯ್ಯಬಹುದಾದ ಟ್ರೇ ವರ್ಷಗಟ್ಟಲೆ ಬರುತ್ತಿತ್ತು. ಚಪ್ಪಲಿಗೂ ಕಾಗದಪತ್ರಕ್ಕೂ ಅಷ್ಟು ಒಳ್ಳೆಯ ಗೂಡನ್ನು ಹೆಚ್ಚು ಬೆಲೆಯ ಕಾರುಗಳೂ ಕೊಟ್ಟಿಲ್ಲ. ಜಾಗ ಹೆಚ್ಚಿದಷ್ಟೂ ಕಸ ಹೆಚ್ಚುತ್ತದೆ ಎಂಬ ಮಾತನ್ನು ಅಲ್ಲಗಳೆಯಲಾಗದು. ಅದಕ್ಕೆ ಮದ್ದು ಗೂಡುಗಳಿಗೆ ಕೆಲಸ ಹಂಚುವುದು. ಆಕಾರವೇ ಕೆಲಸವನ್ನು ಹೇಳುವಂತಿದ್ದರೆ, ಛತ್ರಿಯ ಕೊಳವೆಯಲ್ಲಿ ಯಾರೂ ಹಳೆಯ ಬಿಲ್ಲು ತುರುಕುವುದಿಲ್ಲ. ಎಲ್ಲವೂ ಹಿಡಿಸುವ ಒಂದು ದೊಡ್ಡ ಪೆಟ್ಟಿಗೆಯೇ ಕಸಕ್ಕೆ ಆಹ್ವಾನ.

ಕಾರಿನವರು ಇಷ್ಟು ಗೊಣಗುವಾಗ, ಹತ್ತು ಹನ್ನೆರಡು ಗಂಟೆ ಗಾಡಿಯಲ್ಲೇ ಕಳೆಯುವ ಆಟೋ ಚಾಲಕರಿಗೆ ಕಂಪನಿ ಕೊಟ್ಟಿರುವುದು ಅತ್ಯಲ್ಪ ಎಂಬುದನ್ನು ಮರೆಯಬಾರದು. ಬಾಟಲಿಗೆ ತಂತಿಯ ಬಳೆ, ಚಿಲ್ಲರೆಗೆ ಡಬ್ಬಿ, ಮೊಬೈಲಿಗೆ ಸ್ಟ್ಯಾಂಡು, ಎಲ್ಲವನ್ನೂ ಅವರೇ ಹೊಂದಿಸಿಕೊಳ್ಳುತ್ತಾರೆ. ಕೈಯಲ್ಲಿ ಹಿಡಿಯುವ ಸಾಧನವನ್ನು ಚಾಲನೆಯ ವೇಳೆ ದಾರಿ ನೋಡಲು ಮಾತ್ರ, ಗಮನ ಕೆಡದಂತೆ ಬಳಸಬಹುದೆಂದು 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿಯಮ ಹೇಳುತ್ತದೆ. ಆ್ಯಪ್ ನಂಬಿ ದುಡಿಯುವವನಿಗೆ ಮೊಬೈಲ್ ಸ್ಟ್ಯಾಂಡ್ ಈಗ ಮೀಟರಿನಷ್ಟೇ ಅಗತ್ಯ, ಅದನ್ನು ಗಾಡಿಯ ಜೊತೆಗೇ ಕೊಡಬೇಕು. ಸ್ಕೂಟರುಗಳಲ್ಲಿ ಮಾತ್ರ ಬದಲಾವಣೆ ನಮ್ಮೂರಿನಿಂದಲೇ ಬಂದಿದೆ. ಕೆ.ಆರ್. ಪುರದಿಂದ ಅದೇ ಹಳೆ ಮದ್ರಾಸ್ ರಸ್ತೆಯಲ್ಲಿ ಮುಂದೆ ಹೋದರೆ ಸಿಗುವ ಹೊಸಕೋಟೆಯಲ್ಲಿ ತಯಾರಾಗುವ ರಿವರ್ ಇಂಡಿ 2023ರಲ್ಲಿ ಬಂದಾಗ ಸೀಟಿನಡಿ 43 ಲೀಟರ್, ಮುಂದೆ 12 ಲೀಟರ್ ಜಾಗ ಕೊಟ್ಟಿತು, ಬದಿಗಳಲ್ಲಿ ಪೆಟ್ಟಿಗೆ ಸಿಕ್ಕಿಸಲು ಚೌಕಟ್ಟನ್ನೂ ಇಟ್ಟಿತು. ಮೊದಲ ಮಳಿಗೆಯನ್ನು 2018ರಲ್ಲಿ ಇಂದಿರಾನಗರದಲ್ಲಿ ತೆರೆದ ಏಥರ್ ಕಂಪನಿ 2024ರ ರಿಝ್ಟಾದಲ್ಲಿ ಸೀಟಿನಡಿ 34 ಲೀಟರ್ ಕೊಟ್ಟು, ಬೇಕಾದವರು ಮುಂದೆ 22 ಲೀಟರಿನ ಗೂಡನ್ನು ಪ್ರತ್ಯೇಕವಾಗಿ ಕೂರಿಸಿಕೊಳ್ಳಬಹುದೆಂದಿತು. ಎಲ್ಲರಿಗೂ ಒಂದೇ ಪೆಟ್ಟಿಗೆ ಕೊಡದೆ, ಸಿಕ್ಕಿಸುವ ಸ್ಥಳ ಕೊಟ್ಟು ಉಳಿದದ್ದನ್ನು ಸವಾರನಿಗೆ ಬಿಡುವ ಈ ಕ್ರಮ ಕಾರಿನವರೂ ಕಲಿಯಬೇಕಾದದ್ದು. ಡ್ಯಾಶ್‌ಬೋರ್ಡಿನಲ್ಲಿ, ಬಾಗಿಲಿನಲ್ಲಿ, ಡಿಕ್ಕಿಯಲ್ಲಿ ಕಂಪನಿಯೇ ಪರೀಕ್ಷಿಸಿದ ಒಂದೇ ಅಳತೆಯ ಕೊಂಡಿಗಳಿದ್ದರೆ ಕೊರೆಯುವ, ಅಂಟಿಸುವ ಕಾಟವೇ ತಪ್ಪುತ್ತದೆ.

ತೊಳೆಯುವ ಮಾತು ಕೊನೆಗೆ ಬಂದರೂ ಚಿಲ್ಲರೆಯದಲ್ಲ. ಹಾಲು ಬೆರೆತ ಕಾಫಿ ಕುಳಿಯ ಮೂಲೆಯಲ್ಲಿ ಒಂದು ಮಧ್ಯಾಹ್ನ ಕೂತರೆ ಹುಳಿವಾಸನೆ ವಾರಗಟ್ಟಲೆ ಹೋಗದು, ಸಕ್ಕರೆಗೆ ಇರುವೆ ಬರುತ್ತದೆ. 2024ರ ಮಾರ್ಚಿನಲ್ಲಿ ನಗರದ ಪೂರ್ವಭಾಗ ನೀರಿಗೆ ಪರದಾಡಿದಾಗ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ಎತ್ತಿ ತೆಗೆಯಬಹುದಾದ ಬಟ್ಟಲಾದರೆ ಅಡುಗೆಮನೆಯಲ್ಲಿ ಪಾತ್ರೆಯ ಜೊತೆ ಒಂದು ಚೊಂಬು ನೀರಿನಲ್ಲಿ ಶುಚಿಯಾಗುತ್ತದೆ. ಗಾಡಿಯ ಮೈಗೇ ಅಚ್ಚಾದ ಕುಳಿಗೆ ಹಳೆಯ ಟೂತ್‌ಬ್ರಷ್ಷು, ಒದ್ದೆ ಬಟ್ಟೆ, ಅರ್ಧ ಗಂಟೆಯ ಸಹನೆ ಬೇಕು.

ಮುಂದಿನ ಸಲ ಹೊಸ ಕಾರು ನೋಡಲು ಹೋಗುವಾಗ ಮನೆಯ ಅತಿ ದಪ್ಪದ ಬಾಟಲಿಯನ್ನು ನೀರು ತುಂಬಿಸಿ, ಊಟದ ಡಬ್ಬಿ, ಉದ್ದನೆಯ ಛತ್ರಿಯ ಜೊತೆ ಷೋರೂಮಿಗೆ ಒಯ್ಯಿರಿ. ಚಾಲಕನ ಸೀಟಿನಲ್ಲಿ ಕೂತು, ಬೆಲ್ಟ್ ಕಟ್ಟಿಕೊಂಡು, ಒಂದೊಂದನ್ನೂ ಅದರ ಜಾಗದಲ್ಲಿಡಿ. ಕಣ್ಣು ರಸ್ತೆಯ ಕಡೆಗಿದ್ದಂತೆಯೇ ಬಾಟಲಿ ತೆಗೆದು ಮತ್ತೆ ಇಡಲು ಬರುತ್ತದೆಯೇ, ಗೇರ್ ಹಾಕುವಾಗ ಮೊಣಕೈ ತಾಗುತ್ತದೆಯೇ, ಬಾಗಿಲು ಮುಚ್ಚಿದಾಗ ಬಾಟಲಿ ತೊಡೆಗೆ ಒತ್ತುತ್ತದೆಯೇ ನೋಡಿ. ಪರೀಕ್ಷಾ ಸವಾರಿಯಲ್ಲಿ ಹಿಂದೆ ಗಾಡಿಯಿಲ್ಲದ ಕಡೆ ಒಮ್ಮೆ ಸ್ವಲ್ಪ ಬಿಗಿಯಾಗಿ ಬ್ರೇಕ್ ಒತ್ತಿ, ಒಂದು ಹಂಪ್ ದಾಟಿ ನೋಡಿ. ಸೇಲ್ಸ್‌ನವರಿಗೆ ವಿಚಿತ್ರವೆನಿಸಬಹುದು, ಆದರೆ ಇದೇ ಪ್ರಶ್ನೆಯನ್ನು ಹತ್ತು ಜನ ಕೇಳಿದರೆ ಅದು ಕಂಪನಿಯವರೆಗೂ ಹೋಗುತ್ತದೆ. ಬಾಟಲಿ ಬಿದ್ದ ಕಾರಿಗೆ ಮುಂಗಡ ಕೊಡುವ ಮುನ್ನ ಇನ್ನೊಂದು ಕಾರನ್ನು ನೋಡಿ ಬನ್ನಿ.